ನಮ್ಮ ಮನೆಯ ಹೆಚ್ಚಿನ ಎಲೆ

ಮೂವತ್ತೆರಡು ವರ್ಷ ನಾನು ಬೇರೆಯವರ ಸಂಸಾರಗಳನ್ನು ಬರೆದವಳು. ಹುತ್ತೂರು ಹೋಬಳಿಯ ಹಳ್ಳಿಗಳಲ್ಲಿ ನರ್ಸಮ್ಮ ಆಗಿದ್ದೆ. ಹೆಗಲಿಗೊಂದು ಚೀಲ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಯಾರ ಮನೆಗೆ ಯಾವ ಊರಿನ ಹೆಣ್ಣು ಬಂದಿದ್ದಾಳೆ, ಎಷ್ಟು ಹೆತ್ತಳು, ಎಷ್ಟು ಉಳಿದವು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ ಇದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅಷ್ಟು ಮನೆಗಳ ಒಳಗುಟ್ಟು ಬಲ್ಲವಳಿಗೆ ತನ್ನ ಸ್ವಂತ ತಾತನ ಅಣ್ಣನ ಹೆಂಡತಿ ಯಾವ ಊರಿನವಳು ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ ಅನ್ನಿ. ನಿವೃತ್ತಿಯಾಗಿ ಕೋಲಾರದ ಮನೆಯಲ್ಲಿ ಕಾಲು ಚಾಚಿ ಕೂತ ಮೇಲೆ ನನ್ನನ್ನು ಎಬ್ಬಿಸಿ ಊರೂರು ತಿರುಗಿಸಿದ್ದು ಒಂದು ಬಾಳೆಲೆ.

ಮಹಾಲಯ ಅಮಾವಾಸ್ಯೆಯನ್ನು ನಾವು ಹಿರಿಯರ ಹಬ್ಬ ಎನ್ನುತ್ತೇವೆ. ಅವತ್ತು ಹುತ್ತೂರಿನ ಹತ್ತಿರ ಇರುವ ನಮ್ಮ ಹಳ್ಳಿಯ ಮನೆಯಲ್ಲಿ, ಅಂದರೆ ಈಗ ನನ್ನ ತಮ್ಮ ಇರುವ ಮನೆಯಲ್ಲಿ, ತೀರಿಕೊಂಡವರಿಗೆ ತಲಾ ಒಂದು ಎಲೆ ಹಾಕಿ ಎಡೆ ಇಡುತ್ತೇವೆ. ಪಡಸಾಲೆಯ ಗೋಡೆಗೆ ಒರಗಿಸಿ ಫೋಟೋಗಳು, ಮುಂದೆ ಹೊಸ ಬಟ್ಟೆ, ಎಲೆಯ ತುದಿ ಗೋಡೆಯ ಕಡೆಗೆ. ಅಪ್ಪನಿಗೊಂದು, ತಾತನಿಗೊಂದು, ಅಜ್ಜಿಗೊಂದು, ತಮ್ಮನ ಹೆಂಡತಿ ಹೋದ ಮೇಲೆ ಅವಳಿಗೊಂದು. ಸಾಲಿನ ಕೊನೆಯಲ್ಲಿ ಮಾತ್ರ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಅದಕ್ಕೆ ಫೋಟೋ ಇಲ್ಲ, ಸೀರೆ ಇಲ್ಲ. ಅದನ್ನು ಅಡ್ಡಡ್ಡಲಾಗಿ, ನಾವು ಊಟಕ್ಕೆ ಕೂತಾಗ ಹಾಕಿಕೊಳ್ಳುವ ಹಾಗೆ ತುದಿ ಎಡಕ್ಕೆ ಬರುವಂತೆ ಹಾಸುತ್ತಿದ್ದರು. ಎದುರಿಗೆ ಒಂದು ಮಣೆ, ಪಕ್ಕದಲ್ಲಿ ಒಂದು ಲೋಟ ನೀರು.

ಅದು ಬಾವಿಯಮ್ಮನ ಎಲೆ. ತಾತನಿಗೆ ಒಬ್ಬ ಅಣ್ಣ ಇದ್ದನಂತೆ, ಮದುವೆಯಾದ ಎರಡು ವರ್ಷಕ್ಕೇ ಜ್ವರ ಬಂದು ಸತ್ತನಂತೆ. ಅವನ ಹೆಂಡತಿ, ಇನ್ನೂ ಹುಡುಗಿ, ಒಂದು ಬೆಳಗಿನ ಜಾವ ನೀರಿಗೆ ಹೋದವಳು ವಾಪಸು ಬರಲಿಲ್ಲ. ಬಿಂದಿಗೆ ಬಾವಿಕಟ್ಟೆಯ ಮೇಲೆ ಸಿಕ್ಕಿತು. ಅತ್ತೆಯ ಕಾಟ ತಡೆಯಲಾರದೆ ಬಿದ್ದಳು ಎಂದು ಊರು ಆಡಿಕೊಂಡಿತು. ಆ ಅತ್ತೆ ಎಂದರೆ ನನ್ನ ಮುತ್ತಜ್ಜಿ. ಪಾಪಕ್ಕೆ ಹೆದರಿ ಆ ಎಲೆ ಹಾಕಲು ಶುರು ಮಾಡಿದ್ದು ಅವಳೇ ಎಂದು ಅಮ್ಮ ನಂಬಿದ್ದಳು. ಮುತ್ತಜ್ಜಿಯಿಂದ ಅಜ್ಜಿಗೆ, ಅಜ್ಜಿಯಿಂದ ಅಮ್ಮನಿಗೆ ಎಲೆಯೂ ಬಂತು, ಹೆದರಿಕೆಯೂ ಬಂತು. ನಮ್ಮ ಮನೆಯಲ್ಲಿ ಹಸು ಕಂದು ಹಾಕಿದರೂ, ರೇಷ್ಮೆ ಹುಳು ಹಾಲುತೊಂಡೆ ರೋಗ ಬಂದು ಸತ್ತರೂ ಅಮ್ಮ ಮೊದಲು ಬಾವಿ ಇದ್ದ ದಿಕ್ಕಿಗೆ ನೋಡುತ್ತಿದ್ದಳು. ಆ ಬಾವಿ ಮುಚ್ಚಿ ಅದರ ಮೇಲೆ ಹಿಪ್ಪುನೇರಳೆ ಹಾಕಿ ಎಷ್ಟೋ ವರ್ಷ ಆಗಿತ್ತು.

ಇಷ್ಟರವರೆಗೆ ನಾನೂ ತಲೆ ಕೆಡಿಸಿಕೊಂಡವಳಲ್ಲ. ನನಗೆ ಸಿಟ್ಟು ಬಂದದ್ದು ತಮ್ಮನ ಸೊಸೆಯ ವಿಷಯಕ್ಕೆ. ಆ ಹುಡುಗಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಕೋಲಾರದಲ್ಲಿ ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ತೊಂದರೆ ಏನೂ ಇಲ್ಲ, ಇದು ಎಷ್ಟೋ ಜನಕ್ಕೆ ಆಗುತ್ತೆ, ಧೈರ್ಯವಾಗಿರಿ ಎಂದರು. ನಾನು ಅದನ್ನೇ ಸಾವಿರ ಹೆಂಗಸರಿಗೆ ಹೇಳಿದವಳು. ಆದರೆ ಮನೆಗೆ ಬಂದು ನೋಡಿದರೆ ಅಮ್ಮ ಅವಳ ಕೂದಲು ಬಾಚುತ್ತಾ, ಎಷ್ಟು ಪ್ರೀತಿಯಿಂದಲೋ ಹೇಳುತ್ತಿದ್ದಾಳೆ: "ನಿನ್ ತಪ್ಪಲ್ಲ ಕಣವ್ವ. ನಮ್ಮನೇಲಿ ಒಂದು ಹೆಣ್ಣು ಉರ್ಕೊಂಡು ಹೋಗವ್ಳೆ. ಅವಳ ಹೊಟ್ಟೇಲಿ ಕೂಸು ಆಡಲಿಲ್ಲ, ಅದಕ್ಕೆ ಈ ಮನೇಲೂ ಆಡೋಕೆ ಬಿಡ್ತಾ ಇಲ್ಲ."

ಹುಡುಗಿ ಬಿ.ಎಸ್ಸಿ. ಓದಿದವಳು. ಆದರೂ ಹಿಪ್ಪುನೇರಳೆ ತೋಟದ ಆ ಮೂಲೆಗೆ ಸೊಪ್ಪು ಕೊಯ್ಯಲು ಹೋಗುವುದನ್ನು ಬಿಟ್ಟಳು. ಊಟ ಬಿಟ್ಟಳು. ಮುಂದಿನ ಹಬ್ಬದಿಂದ ಎಲೆ ಹಾಕುವ ಕೆಲಸ ಅವಳದೇ ಎಂದು ಅಮ್ಮ ಹೇಳಿದಾಗ ನನ್ನ ಹತ್ತಿರ ಬಂದು, "ಅತ್ತೆ, ನನ್ ಮಕ್ಕಳನ್ನ ತಿಂದೋಳಿಗೆ ನಾನೇ ಬಡಿಸಬೇಕಾ?" ಎಂದಳು. ಅಷ್ಟು ಮೆಲ್ಲಗೆ ಕೇಳಿದಳು. ನನಗೆ ಮೈ ಉರಿದುಹೋಯಿತು. ಅಮ್ಮನ ಮೇಲೆ ಕೂಗಾಡಿದೆ. ಕೂಗಾಡಿದರೆ ಭಯ ಹೋಗುತ್ತದೆಯೇ? ಅಮ್ಮ ಕಿವಿಗೆ ಸೆರಗು ಹೊದ್ದುಕೊಂಡು ಮಲಗಿಬಿಟ್ಟಳು. ಆಗಲೇ ನಿರ್ಧಾರ ಮಾಡಿದೆ. ಈ ಬಾವಿಯಮ್ಮ ಯಾರು, ಏನಾದಳು ಎಂದು ಪತ್ತೆ ಮಾಡದೆ ಬಿಡುವುದಿಲ್ಲ.

ಮನೆತನದ ಕಥೆ ಹುಡುಕುವುದು ಎಲ್ಲಿಂದ ಶುರು ಮಾಡಬೇಕು? ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬೀರುವಿನ ಮೇಲಿದ್ದ ಖಾಲಿ ರಿಜಿಸ್ಟರೊಂದನ್ನು ಇಳಿಸಿ ಧೂಳು ಕೊಡವಿ ಅಮ್ಮನ ಮುಂದೆ ಕೂತೆ. ಹೊಸ ಮನೆಗೆ ಹೋದಾಗ ನಾವು ಸತ್ತವರನ್ನು ಮೊದಲು ಕೇಳುತ್ತಿರಲಿಲ್ಲ. ಹೆಂಗಸರು ಬಾಯಿ ಮುಚ್ಚಿಬಿಡುತ್ತಾರೆ. "ಈ ಮನೇಲಿ ಎಷ್ಟು ಜನ ಉಣ್ತೀರ?" ಎಂದು ಕೇಳಬೇಕು. ಅಲ್ಲಿಂದ ಹಿಂದಕ್ಕೆ ಹೋಗಬೇಕು. ಅಮ್ಮನನ್ನೂ ಹಾಗೇ ಕೇಳಿದೆ. "ನೀನು ಮದುವೆಯಾಗಿ ಬಂದಾಗ ಈ ಮನೇಲಿ ಎಷ್ಟು ಜನ ಉಣ್ತಿದ್ರು?"

ಅಮ್ಮ ಬೆರಳು ಮಡಿಸಿದಳು. ಹದಿನಾಲ್ಕು ಜನ. ಒಬ್ಬೊಬ್ಬರನ್ನೇ ಬರೆದುಕೊಂಡೆ. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆ ಇರುವುದರಿಂದ ಒಂದೇ ಹೆಂಗಸು ಮೂರು ಕಡೆ ಬಂದಳು. ಒಂದು ಗೆರೆ ಹಿಡಿದು ಹೋದರೆ ನನ್ನ ಅಜ್ಜಿ ನನಗೆ ಅತ್ತೆಯೂ ಆಗುತ್ತಿದ್ದಳು. ಅಳಿಸಿ ಅಳಿಸಿ ಹಾಳೆ ತೂತಾಯಿತು. ಆದರೂ ಅಮ್ಮನಿಗೆ ಖುಷಿಯಾಗಿತ್ತು. ಅವಳಿಗೆ ಈ ಪ್ರಶ್ನೆಗಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ನಾನು, "ಆ ಎಲೆ ಮುಂದೆ ಮಣೆ ಯಾಕೆ ಹಾಕ್ತೀಯ?" ಎಂದೆ.

"ನಮ್ಮತ್ತೆ ಹಾಕ್ತಿದ್ರು. ನಾನೂ ಹಾಕ್ತೀನಿ."

"ಅಪ್ಪನ ಎಲೆಗೆ ಹಾಕಲ್ವಲ್ಲ?"

"ಸತ್ತೋರಿಗೆ ಯಾರಾದ್ರೂ ಮಣೆ ಹಾಕ್ತಾರಾ?" ಎಂದಳು ಅಮ್ಮ, ನನ್ನನ್ನೇ ಪೆದ್ದಿಯ ಹಾಗೆ ನೋಡಿ. ಆಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಆ ಎಲೆ ಹಾಕುವ ಮೂಲೆಯ ಕಡೆ ತಿರುಗಿ ನೋಡಿದಳು.

ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಮಾಲೂರಿಗೆ ಹೋದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಲ್ಲಿ ಮಗನ ಮನೆಯಲ್ಲಿದ್ದಾಳೆ. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದ, ನೆನಪು ಚುರುಕು. ಅವಳು ಹುಟ್ಟುವ ಮೊದಲೇ ಬಾವಿಯ ಪ್ರಕರಣ ಮುಗಿದಿತ್ತು, ಆದರೆ ಅವಳು ಬೆಳೆದದ್ದು ನನ್ನ ಮುತ್ತಜ್ಜಿಯ ಮಡಿಲಲ್ಲಿ. ಎಲೆಅಡಿಕೆ ಕೊಟ್ಟು, ಆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು ಎಂಬಲ್ಲಿಂದ ಶುರು ಮಾಡಿದೆ. ಬಾವಿಯಮ್ಮನ ವಿಷಯಕ್ಕೆ ಬಂದಾಗ ಅತ್ತೆ ಎಲೆಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯನ್ನು ಕೆಳಗಿಟ್ಟಳು.

"ಹೆಣ ಸಿಗ್ಲಿಲ್ಲ ಕಣೇ," ಎಂದಳು. "ಪಾತಾಳಗರಡಿ ಹಾಕಿ ಬಾವಿ ತಳಾನೆಲ್ಲ ಜಾಲಾಡಿದ್ರಂತೆ. ಆವನಿ ಕಡೆ ಹೆಣ್ಣು ಅದು, ತೆಲುಗೇ ಮಾತಾಡೋದಂತೆ. ತೌರೋರು ಬಂದು ಒಂದು ಗಲಾಟೆನೂ ಮಾಡ್ಲಿಲ್ಲಂತೆ. ನಿಮ್ ಮಗಳು ಸತ್ಲು ಅಂದ್ರೆ ಸುಮ್ಕೆ ಇರ್ತಾರೇನೇ ಯಾರಾದ್ರೂ?"

"ನಿಮ್ಮಜ್ಜಿ ಅವಳಿಗೆ ಕಾಟ ಕೊಟ್ಟಿದ್ದು ನಿಜವಾ?"

"ನಮ್ಮಜ್ಜಿ ಕೋಳೀಗೂ ಬೈದೋಳಲ್ಲ. ಕಾಟ ಕೊಡ್ತಿದ್ದೋನು ಗಂಡಸು, ನಮ್ಮ ತಾತ. ಊರ ಮುಂದೆ ದೊಡ್ಡೋನು ಅನ್ನಿಸ್ಕೊಂಡಿದ್ನಲ್ಲ, ನಮ್ಮನೆ ಹೆಣ್ಣು ಕೂಡಿಕೆ ಆಗಬಾರ್ದು ಅಂತ ಹಟ. ಹದಿನೇಳು ವರ್ಷದ ಹುಡುಗೀನ ಮೂಲೇಲಿ ಕೂರಿಸಿದ್ದ." ಗಂಡ ಸತ್ತ ಹೆಣ್ಣನ್ನು ಓಲಗವಿಲ್ಲದೆ, ಹತ್ತು ಜನರ ಮುಂದೆ ಮತ್ತೊಬ್ಬನಿಗೆ ಕೊಡುವುದಕ್ಕೆ ನಮ್ಮಲ್ಲಿ ಕೂಡಿಕೆ ಎನ್ನುತ್ತಾರೆ. ಮೊದಲಿನಿಂದ ಇದ್ದದ್ದೇ. ಅತ್ತೆಯ ಆ ತಾತನಿಗೆ, ಅಂದರೆ ನನ್ನ ಮುತ್ತಾತನಿಗೆ, ಮಾತ್ರ ಇದ್ದಕ್ಕಿದ್ದಂತೆ ಮಾನದ ಪ್ರಶ್ನೆಯಾಗಿತ್ತು. ಅತ್ತೆ ಇನ್ನೊಂದು ಮಾತು ಹೇಳಿದಳು. ಹಬ್ಬದ ದಿನ ಚಿಕ್ಕವಳಾಗಿದ್ದ ಅವಳು ಆ ಎಲೆಗೆ ಊದುಬತ್ತಿ ಹಚ್ಚಲು ಹೋದಾಗ, ಕೋಳಿಗೂ ಬೈಯದ ಆ ಅಜ್ಜಿ ಅವಳ ಕೈಗೆ ಛಟ್ ಎಂದು ಹೊಡೆದಿದ್ದಳಂತೆ.

ಮಾಲೂರಿನಿಂದ ಬಸ್ಸಿನಲ್ಲಿ ವಾಪಸು ಬರುವಾಗ ಬಾವಿಯಮ್ಮ ಸತ್ತೇ ಇರಲಿಲ್ಲವೇನೋ ಎಂಬ ಅನುಮಾನ ನನಗೆ ಹುಟ್ಟಿತ್ತು. ಆದರೆ ಮನೆಯಲ್ಲಿ ಹೇಳಲಿಲ್ಲ. ಅಷ್ಟರಲ್ಲಿ ಹುಡುಗಿಗೆ ಮತ್ತೆ ತಿಂಗಳು ನಿಂತಿತ್ತು. ಅರ್ಧಂಬರ್ಧ ತಿಳಿದದ್ದನ್ನು ಹೇಳಿ, ಆಮೇಲೆ ಅದು ಸುಳ್ಳಾದರೆ ಎಂಬ ಭಯ ನನಗೆ. ನಮ್ಮಮ್ಮನ ಮಗಳೇ ತಾನೇ ನಾನೂ.

ಮುಂದಿನ ದಾರಿ ಹೆಳವರದು. ಹಿಂದೆ ಎತ್ತಿನ ಮೇಲೆ ಕೂತು ಸುಗ್ಗಿ ಮುಗಿದ ಮೇಲೆ ಮನೆಯ ಮುಂದೆ ಬಂದು ನಮ್ಮ ವಂಶವನ್ನು ಏಳೆಂಟು ತಲೆಮಾರು ಹಾಡಿ ಹೇಳಿ, ಕಾಳು ಇಸಕೊಂಡು ಹೋಗುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದ ಹೆಳವನ ಮೊಮ್ಮಗ ಮುಳಬಾಗಿಲಿನ ಹತ್ತಿರ ಇದ್ದಾನೆಂದು ತಮ್ಮ ಹೇಳಿದ. ಹೋದೆ. ಎತ್ತು ಹೋಗಿ ಮೋಟರ್ ಬೈಕು ಬಂದಿತ್ತು, ಪುಸ್ತಕಗಳು ಮಾತ್ರ ಹಳೇ ಕೆಂಪು ಬಟ್ಟೆಯಲ್ಲೇ ಇದ್ದವು. ಆತ ಕೈಕಾಲು ತೊಳೆದು ಬಂದು ನಮ್ಮ ಮನೆಯ ಪುಟ ಬಿಚ್ಚಿ ಓದಿದ. ಮುತ್ತಾತ, ಅವನ ಅಪ್ಪ, ಅವನ ಅಪ್ಪ. ತಾತನ ಅಣ್ಣನ ಹತ್ತಿರ ಬಂದಾಗ "ಸಂತಾನ ಇಲ್ಲ" ಎಂದು ಒಂದು ಸಾಲು. ಹೆಂಡತಿಯ ಸುದ್ದಿಯೇ ಇಲ್ಲ.

"ಹೆಂಗಸರನ್ನ ಯಾಕಪ್ಪಾ ಬರೆದಿಲ್ಲ? ಗಂಡಸರೇ ಹೆತ್ತರಾ ಇಷ್ಟು ಜನಾನ?" ಎಂದು ರೇಗಿದೆ. ನನ್ನ ರಿಜಿಸ್ಟರಿನಲ್ಲಿ ಹೆಂಗಸರೇ ಮೊದಲ ಸಾಲು.

ಆತ ನಕ್ಕ. "ಸಿಟ್ಟಾಗ್ಬೇಡಿ ಅಮ್ಮ. ಬಿಟ್ಟು ಹೋದ ಮನೆ ಪುಟದಲ್ಲಿ ಹುಡುಕಿದ್ರೆ ಹೆಣ್ಣುಮಕ್ಕಳು ಸಿಗಲ್ಲ. ಹೋಗಿ ಸೇರಿದ ಮನೆ ಪುಟದಲ್ಲಿ ಹುಡುಕಬೇಕು. ತೌರು ಯಾವೂರು ಅಂದ್ರಿ?"

ಆವನಿ ಎಂದೆ. ಆ ಕಡೆಯ ಮನೆಗಳಿಗೂ ಅವನ ತಾತನೇ ಹೋಗುತ್ತಿದ್ದನಂತೆ. ಒಂದು ಪುಸ್ತಕ ನೋಡಿ, ಅದನ್ನು ಮುಚ್ಚಿ, ಇನ್ನೊಂದು ತೆಗೆದ. ಆಮೇಲೆ ಮತ್ತೊಂದು. ಅವನ ಹೆಂಡತಿ ಕೊಟ್ಟ ಕಾಫಿ ನನ್ನ ಕೈಯಲ್ಲೇ ಆರಿತು. ಕೊನೆಗೆ ಯಲ್ದೂರಿನ ಒಂದು ಮನೆಯ ಪುಟದಲ್ಲಿ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದ: ಹಿರಿಯ ಮಗನಿಗೆ ಆವನಿಯ ಹೆಣ್ಣು, ಹುತ್ತೂರು ಕಡೆಯ ದೊಡ್ಡಮನೆಯಿಂದ ಬಂದವಳು, ಕೂಡಿಕೆ. ಗಂಡು ಎರಡು, ಹೆಣ್ಣು ಮೂರು. ಹುತ್ತೂರು ಕಡೆಯ ದೊಡ್ಡಮನೆ ಎಂದರೆ ನಮ್ಮದೇ.

"ಇನ್ನೊಂದ್ಸಲ ಓದಪ್ಪ," ಎಂದೆ. ಓದಿದ. ಇನ್ನೊಂದು ಸಲ ಓದಿಸಿದೆ. ಐದು ಮಕ್ಕಳು. ನಮ್ಮ ಮನೆಯ ಮೂರು ತಲೆಮಾರಿನ ಹೆಂಗಸರು ಯಾರಿಗೆ ಹೆದರಿ ಸತ್ತರೋ ಅವಳು ಮೂವತ್ತು ಮೈಲಿ ಆಚೆ ಐದು ಮಕ್ಕಳನ್ನು ಹೆತ್ತುಕೊಂಡು ಸಂಸಾರ ಮಾಡುತ್ತಿದ್ದಳು. ನನಗೆ ಅಲ್ಲೇ ಅಳು ಬಂತು. ನರ್ಸು ಕೆಲಸ ಮಾಡಿದವಳು ಕಂಡವರ ಮನೆಯಲ್ಲಿ ಸುಲಭಕ್ಕೆ ಅಳುವವಳಲ್ಲ. ಅವತ್ತು ಮೂಗು ಒರೆಸಿಕೊಳ್ಳುತ್ತಾ ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ಅದು ಮಾವಿನ ಕಾಲ. ಮಾರನೇ ದಿನವೇ ಯಲ್ದೂರಿಗೆ ಹೋದೆ. ಬಾವಿಯಮ್ಮನ ಕೊನೆಯ ಮಗಳನ್ನು ಅದೇ ಊರಿಗೆ ಕೊಟ್ಟಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಅಂಗಳದಲ್ಲಿ ಹುಲ್ಲು ಹಾಸಿ ಬೇನಿಷ ಮಾವಿನ ಹಣ್ಣು ವಿಂಗಡಿಸುತ್ತಾ ಕೂತಿದ್ದರು. ನಾನು ಯಾವ ಊರು, ಯಾರ ಮೊಮ್ಮಗಳು ಎಂದು ಹೇಳಿದೆ. ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ರಾಮ್ಮಾ, ಕೂಚೋ," ಎಂದರು. ಬಾ, ಕೂತ್ಕೋ ಎಂದು. ಆಮೇಲೆ ಕನ್ನಡದಲ್ಲಿ, "ಇಷ್ಟು ವರ್ಷ ಬೇಕಾಯ್ತಾ ನಿಮ್ಮೋರಿಗೆ, ಬರೋಕೆ?" ಎಂದರು.

ಅವರಿಗೆ ಎಲ್ಲ ಗೊತ್ತಿತ್ತು. ಅವರಮ್ಮ ಮೂರು ಹೆಣ್ಣುಮಕ್ಕಳಿಗೂ, ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿ ಕಟ್ಟುತ್ತಾ ಆ ಕಥೆಯನ್ನು ಹೇಳುತ್ತಿದ್ದರಂತೆ. ಆವತ್ತು ಬಿಂದಿಗೆ ಹೊತ್ತು ಬಾವಿಗೆ ಬಂದವರು ಒಬ್ಬರಲ್ಲ, ಇಬ್ಬರು. ಅತ್ತೆಯೇ, ಅಂದರೆ ನನ್ನ ಮುತ್ತಜ್ಜಿಯೇ, ಜೊತೆಗೆ ಬಂದಿದ್ದಳು. ಆವನಿಗೆ ಹೇಳಿ ಕಳಿಸಿ, ಹುಡುಗಿಯ ಅಣ್ಣ ಹುಣಸೆ ತೋಪಿನ ಹತ್ತಿರ ಗಾಡಿ ತಂದು ನಿಲ್ಲಿಸುವ ಹಾಗೆ ಮಾಡಿದವಳೂ ಅವಳೇ. ಬಾವಿಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಅಡಿಕೆ ಎಲ್ಲವನ್ನೂ ಮಡಿಲಿಗೆ ಹಾಕಿದಳಂತೆ. ಗಂಡ ಸತ್ತವಳಿಗೆ ನಮ್ಮಲ್ಲಿ ಮಡಿಲಕ್ಕಿ ಹಾಕುವುದಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೆತ್ತ ತಾಯಿ ಹಾಕುತ್ತಾಳೆ. ಮುತ್ತಜ್ಜಿ ಅದನ್ನು ಹಾಕಿ, "ಮತ್ತೆ ಈ ಕಡೆ ತಿರುಗಿ ನೋಡಬೇಡ. ನಿನ್ನೂಟ ಮಾತ್ರ ನಾನು ತಪ್ಪಿಸಲ್ಲ," ಎಂದಳಂತೆ. ಹುಡುಗಿ ಹೋದ ಮೇಲೆ ಬಿಂದಿಗೆಯನ್ನು ಕಟ್ಟೆಯ ಮೇಲೆ ಬಿಟ್ಟು ಮನೆಗೆ ಬಂದು ಬಾಯಿ ಬಡಿದುಕೊಂಡು ಅತ್ತವಳೂ ಅವಳೇ ಇರಬೇಕು.

ಊಟ ತಪ್ಪಿಸಲ್ಲ ಎಂದ ಮಾತು ಯಲ್ದೂರಿನವರಿಗೆ ಅರ್ಥವಾಗಿರಲಿಲ್ಲ. ನನಗೆ ಆಯಿತು. ಮುತ್ತಾತನ ಕಣ್ಣೆದುರಿಗೆ ಆ ಸೊಸೆಗೆ ಒಂದು ಎಲೆ ಹಾಕಬೇಕೆಂದರೆ ವರ್ಷದಲ್ಲಿ ಒಂದೇ ದಿನ ಸಾಧ್ಯವಿತ್ತು. ಸತ್ತವರ ಸಾಲಿನಲ್ಲಿ ಹಾಕಿದರೆ ಯಾವ ಗಂಡಸೂ ಕೇಳುವುದಿಲ್ಲ. ಆದರೆ ಅವಳು ಸತ್ತಿಲ್ಲವಲ್ಲ, ಅದಕ್ಕೆ ಎಲೆ ಅಡ್ಡ, ಅದಕ್ಕೆ ಮಣೆ, ಅದಕ್ಕೆ ನೀರು. ಊದುಬತ್ತಿ ಹಚ್ಚಲು ಹೋದ ಮೊಮ್ಮಗಳ ಕೈಗೆ ಬಿದ್ದ ಏಟೂ ಅದಕ್ಕೇ. ಗುಟ್ಟನ್ನು ತನ್ನ ಸೊಸೆಗೂ ಹೇಳದೆ ಮುತ್ತಜ್ಜಿ ಕಣ್ಣುಮುಚ್ಚಿದಳು. ಸೊಸೆಯರು ಎಲೆಯನ್ನು ಅವಳು ಹಾಕಿದ ಹಾಗೇ ಹಾಕಿದರು, ಅರ್ಥವನ್ನು ಮಾತ್ರ ಊರವರಿಂದ ತೆಗೆದುಕೊಂಡರು.

"ಬಾವಿಗೆ ಬಿದ್ರು ಅಂದ್ಕೊಂಡಿದ್ರಾ ನಮ್ಮಮ್ಮನ್ನ?" ಎಂದು ಆ ಹೆಂಗಸು ನಗತೊಡಗಿದರು. "ನಮ್ಮಮ್ಮಂಗೆ ಈಜು ಬರ್ತಿತ್ತು. ನಮಗೆಲ್ಲ ಈಜು ಕಲಿಸಿದ್ದೇ ಅವಳು. ಬಿದ್ದಿದ್ರೂ ಎದ್ದು ಬರೋಳು." ಬಾವಿಯಮ್ಮ ಮರಿಮಕ್ಕಳನ್ನು ಎತ್ತಿ ಆಡಿಸಿ, ಕೊನೆಯ ದಿನವೂ ಎಲೆಅಡಿಕೆ ಕೇಳಿ, ಮನೆ ತುಂಬ ಜನರ ನಡುವೆ ಹೋದರಂತೆ.

ಅವರು ಕಟ್ಟಿಕೊಟ್ಟ ಹಣ್ಣಿನ ಚೀಲ ಹೊತ್ತು ನೇರ ಹಳ್ಳಿಗೆ ಹೋದೆ. ಅಮ್ಮನನ್ನೂ ಹುಡುಗಿಯನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದೂ ಬಿಡದೆ ಹೇಳಿದೆ. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ನಂಬಲಿಲ್ಲವೇನೋ ಎಂದುಕೊಂಡೆ. ಆಮೇಲೆ, "ಮಡಿಲಕ್ಕಿ ಹಾಕಿದ್ರಾ?" ಎಂದು ಕೇಳಿದಳು. ಹೌದು ಎಂದೆ. "ಅಷ್ಟು ಒಳ್ಳೇ ಹೆಂಗಸನ್ನ ನಾನು ಇಷ್ಟು ವರ್ಷ ಪಾಪಿ ಅಂದ್ಕೊಂಡಿದ್ನಲ್ಲೇ," ಎಂದು ಅತ್ತಳು. ಅತ್ತು ಮುಗಿಸಿ ಹುಡುಗಿಯ ಕಡೆ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡು, "ನಾನು ಹೇಳಿದ್ದೆಲ್ಲ ಸುಳ್ಳು ಕಣವ್ವ. ಮರೆತುಬಿಡು," ಎಂದಳು. ನಮ್ಮಮ್ಮ ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹುಡುಗಿ ಚೀಲಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದು, ತೊಳೆಯದೆ, ಸಿಪ್ಪೆ ಸಮೇತ ಕಚ್ಚಿದಳು. ತೊಳ್ಕೊಂಡು ತಿನ್ನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಇನ್ನೊಂದನ್ನೂ ತಿಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದು ಆಗ, ಮುಳಬಾಗಿಲಿನಲ್ಲಿ ಅಲ್ಲ.

ಈ ಸಲದ ಹಿರಿಯರ ಹಬ್ಬಕ್ಕೆ ಹುಡುಗಿಗೆ ಐದು ತಿಂಗಳು. ಬೆಳಗಿನಿಂದ ಅವಳೇ ನಿಂತು ಕಜ್ಜಾಯ ತಟ್ಟಿದಳು. ಹನ್ನೊಂದು ಗಂಟೆಯ ಬಸ್ಸಿಗೆ ಯಲ್ದೂರಿನವರು ಬಂದರು, ಅಮ್ಮ ನನ್ನ ಕೈಲಿ ಫೋನು ಮಾಡಿಸಿ ಕರೆದಿದ್ದಳು. ಗೋಡೆಯ ಸಾಲಿಗೆ ಎಡೆ ಇಟ್ಟು, ಪೂಜೆ ಮಾಡಿ, ಹೊರಗೆ ಕಾಗೆಗೆ ಇಟ್ಟು ಬಂದೆವು. ಆಮೇಲೆ ಹುಡುಗಿ ಸಾಲಿನ ಕೊನೆಯಲ್ಲಿ ಎಲೆಯನ್ನು ಅಡ್ಡ ಹಾಸಿದಳು. ತುದಿ ಎಡಕ್ಕೆ. ಮಣೆ ಹಾಕಿದಳು. ನೀರು ಇಟ್ಟಳು.

"ಕೂತ್ಕೊಳ್ಳಿ ಅಕ್ಕ," ಎಂದಳು ಅಮ್ಮ. "ನಿಮ್ಮಮ್ಮಂದು ಇದು."

ಅವರು ಸೆರಗು ಸರಿ ಮಾಡಿಕೊಂಡು ಮಣೆಯ ಮೇಲೆ ಕೂತರು. ನಾನು ಹುಟ್ಟಿದಾಗಿನಿಂದ ನೋಡಿದ ಆ ಎಲೆಯ ಮುಂದೆ ಮೊದಲ ಬಾರಿಗೆ ಒಬ್ಬರು ಕೂತಿದ್ದರು. ಹುಡುಗಿ ಒಂದೊಂದಾಗಿ ಬಡಿಸಿದಳು. ಪಲ್ಯ, ವಡೆ, ಅನ್ನ, ಹುಳಿ, ಒಂದು ಕಜ್ಜಾಯ. ನಾವೆಲ್ಲ ಅವರ ಕೈಯನ್ನೇ ನೋಡುತ್ತಾ ನಿಂತಿದ್ದೆವು, ಯಾಕೆಂದು ಯಾರನ್ನಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವರು ಮೊದಲು ಕಜ್ಜಾಯವನ್ನೇ ಮುರಿದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಹುಡುಗಿಯ ಮುಖ ನೋಡಿದರು.

"ಏನಮ್ಮಣ್ಣಿ, ಒಂದೇ ಹಾಕಿದ್ಯಲ್ಲ? ಇನ್ನೊಂದು ತಾ."

ಹುಡುಗಿ ಜೋರಾಗಿ ನಕ್ಕಳು. ತಟ್ಟೆ ತರಲು ಒಳಗೆ ಓಡಲು ಹೋದಳು, ಐದು ತಿಂಗಳ ಹೊಟ್ಟೆ ನೆನಪಾಗಿ ನಿಧಾನಕ್ಕೆ ನಡೆದಳು. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಗೋಡೆಗೆ ಒರಗಿಸಿದ್ದ ಅಜ್ಜಿಯ ಫೋಟೋದ ಕಡೆ ತಿರುಗಿ, "ಕೇಳಿಸ್ತಾ ಅತ್ತೆ, ಇನ್ನೊಂದು ಬೇಕಂತೆ," ಎಂದಳು.